ತೊಗಾಶಿಯವರು ಕೇಳಿದ ಟೇಪು

ನವೆಂಬರ್ 9, ಭಾನುವಾರ

ಹಳೆ ಕಾಲದ ಗಾಜಿನ ವಾಲ್ವ್‌ಗಳ ಆಂಪ್ಲಿಫೈಯರ್ ಕಟ್ಟಿ ಮುಗಿಸಿ ಹತ್ತು ದಿನವಾದರೂ ಒಂದೇ ಅನುಮಾನ ಕೊರೆಯುತ್ತಿತ್ತು. ಅದರಲ್ಲಿ ಕೇಳಿಸುತ್ತಿರುವುದು ನಿಜವಾದ ವಾದ್ಯವೋ, ನನ್ನ ಮೂರು ವರ್ಷದ ಆಸೆಯೋ? ನಾನು ಶಾಲೆಯೊಂದರ ಅಡುಗೆಯವಳು, ಬೆಸುಗೆ ಕಲಿತದ್ದು ಪುಸ್ತಕ ನೋಡಿ.

ಮಧ್ಯಾಹ್ನ ಪಕ್ಕದ ಬೀದಿಯ ತೊಗಾಶಿಯವರನ್ನು ಕರೆದೆ. ಐವತ್ತು ವರ್ಷ ಶಾಮಿಸೆನ್ ಎಂಬ ತಂತಿವಾದ್ಯಕ್ಕೆ ಚರ್ಮ ಬಿಗಿದವರು. ಯಂತ್ರದ ಸಂಗೀತವೆಂದರೆ ಅವರಿಗೆ ತಾತ್ಸಾರ.

“ಏನಮ್ಮ ಸಾವಾಕೊ, ಇದರ ಮೇಲೆ ಮೀನು ಸುಡಬಹುದಾ?” ಎಂದರು, ಕಾದ ವಾಲ್ವ್‌ಗಳ ಮೇಲೆ ಅಂಗೈ ಹಿಡಿದು.

“ಸುಡೋದು ಆಮೇಲೆ. ಮೊದಲು ಕೂತ್ಕೊಂಡು ಕೇಳಿ.”

ಯಾರದೆಂದು ಹೇಳದೆ, ನನ್ನ ಅಕ್ಕ ಯಸುಯೊ ಶಾಮಿಸೆನ್ ನುಡಿಸಿದ ಹಳೆಯ ಟೇಪು ಹಾಕಿದೆ. ಅದು ಅವಳ ಕೊನೆಯ ಕಚೇರಿಯದು. ನಾದವೇ ಏಳಲಿಲ್ಲ, ತನ್ನ ಕೈಯಲ್ಲಿ ಜೀವವಿಲ್ಲ ಎಂದುಕೊಂಡು ಅವಳು ಅಂದಿನಿಂದ ವಾದ್ಯ ಮುಟ್ಟಿಲ್ಲ.

ತೊಗಾಶಿಯವರು ಚಹಾ ಕೆಳಗಿಟ್ಟರು.

“ಕೈ ಚೆನ್ನಾಗಿದೆ. ಚರ್ಮ ಸಡಿಲ. ಮಳೇಲಿ ಸರಿಯಾಗಿ ಒಣಗೋಕೆ ಬಿಡದೆ ಕೊಟ್ಬಿಟ್ಟೆ.”

“ಕೊಟ್ಬಿಟ್ಟೆ ಅಂದ್ರೆ?”

“ನಂದೇ ಕೆಲಸ ಕಣಮ್ಮ. ನನ್ನ ತಪ್ಪು ನನಗೆ ಗೊತ್ತಾಗಲ್ವಾ? ಆ ವಾದ್ಯ ಎಲ್ಲಿದೆ, ತಗೊಂಡು ಬಾ, ಮತ್ತೆ ಬಿಗಿದು ಕೊಡ್ತೀನಿ.”

ಅಕ್ಕ ನನ್ನ ಬಳಿ ಬಿಟ್ಟುಹೋದ ವಾದ್ಯವನ್ನು ಕಪಾಟಿನಿಂದ ತೆಗೆದುಕೊಟ್ಟೆ. ಎದೆಗವಚಿಕೊಂಡು ಹೋದರು. ಆ ಮುದುಕರ ಕಿವಿಗೆ, ಈ ವಾಲ್ವ್‌ಗಳಿಗೆ ಹೇಗೆ ಕೃತಜ್ಞತೆ ಹೇಳಬೇಕೋ ನನಗೆ ತಿಳಿಯುತ್ತಿಲ್ಲ.

ಸಂಜೆ ಅಕ್ಕ ಇರುವ ಸೆಂದೈ ಊರಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

“ಇಪ್ಪತ್ತೆರಡು ವರ್ಷ ಕಣೇ,” ಎಂದಳು. ಆಮೇಲೆ, “ಆ ಟೇಪು ಹಾಕು. ಫೋನು ಅದರ ಹತ್ರ ಹಿಡ್ಕೋ.”

ಮೂರು ಸಲ ಹಾಕಿಸಿದಳು. ಮೂರನೆಯ ಸಲ ಆ ಕಡೆಯಿಂದ ಅವಳು ತೊಡೆಯ ಮೇಲೆ ತಾಳ ತಟ್ಟುವುದು ಕೇಳಿಸಿತು. ಫೋನು ಹಿಡಿದ ತೋಳು ಇನ್ನೂ ನೋಯುತ್ತಿದೆ, ಇವತ್ತಿಗೆ ಬರೆದದ್ದು ಇಷ್ಟು ಸಾಕು.