ನೀಲಿ ಗೋಡೆ, ನಡುವೆ ಯಂಕವ್ವ

ಜನವರಿ ೧೨, ಭಾನುವಾರ. ಬೆಳಿಗ್ಗೆ ೮
ಯಂಕವ್ವ ಬಂದಾಯಿತು. ಖಡಕಿಯ ಈ ಬಾಡಿಗೆ ಕೋಣೆ, ಕಿಟಕಿ ಪಕ್ಕ ಅದೇ ಸ್ಟೂಲ್. ವಾರವಿಡೀ ಎದುರಿನ ಕಟ್ಟಡಕ್ಕೆ ಸಿಮೆಂಟ್ ಹೊರುತ್ತಾಳೆ. ಭಾನುವಾರ ನನ್ನ ಚಿತ್ರಕ್ಕೆ ಕೂರುತ್ತಾಳೆ. "ಸುಮ್ನ ಕುಂದ್ರೂದು ಭಾಳ ತ್ರಾಸ್ರಿ ಅಕ್ಕಾರ." ಐದೇ ನಿಮಿಷಕ್ಕೆ ತೂಕಡಿಕೆ.

ಮೂರಡಿ ಅಗಲದ ಕ್ಯಾನ್ವಾಸ್. ಅವಳು ಎಡ ಅಂಚಿನಲ್ಲಿ, ಒಂದು ತೋಳು ಅಂಚಿನಾಚೆಗೆ. ಉಳಿದದ್ದೆಲ್ಲ ಗೋಡೆ — ತೆಳು ನೀಲಿ, ಖಾಲಿ. ಅಷ್ಟು ನೀಲಿ ಇರುವುದರಿಂದಲೇ ಅವಳ ಕೆಂಪು ಸೀರೆ ಉರಿಯುತ್ತದೆ. ನೋಡುತ್ತಾ ಕೂತರೆ ಗೋಡೆ ಮೆಲ್ಲಗೆ ಉಸಿರಾಡಿದ ಹಾಗೆ... ಕಾಫಿ ಆರಿಹೋಯಿತು.

ಜನವರಿ ೧೬, ಗುರುವಾರ. ಬಸ್ಸಿನಲ್ಲಿ
ಚಾಕಣದ ಕಾರ್ ಫ್ಯಾಕ್ಟರಿಯಲ್ಲಿ ಇಡೀ ದಿನ ಬಂಪರ್. ಬಂಪರಿನ ಬಣ್ಣ ಕಾರಿನ ಬಣ್ಣಕ್ಕೆ ಕೂಡಬೇಕು, ಬೇರೆ ಅಂತ ಗೊತ್ತಾಗಬಾರದು. ಅದಕ್ಕೇ ನನಗೆ ಸಂಬಳ.

ಸಂಜೆ ಶಿವಾಜಿನಗರದ ಪೇಂಟಿಂಗ್ ಕ್ಲಾಸ್. ಸದಾನಂದ ಸರ್ ಚಿತ್ರದ ಫೋಟೋ ನೋಡಿದರು. "ರಂಜಿನಿ, ಇದು ನಮ್ಮ ಗ್ರೂಪ್ ಶೋಗೆ ಬೇಕು. ಫೆಬ್ರವರಿ ಇಪ್ಪತ್ಮೂರರೊಳಗೆ. ಅಗಲ ಮೂರಡಿ ಮೀರಬಾರದು. ಅವಳನ್ನ ಮಾತ್ರ ನಡುವೆ ತರಬೇಡಿ, ಪಾಸ್‌ಪೋರ್ಟ್ ಫೋಟೋ ಆಗುತ್ತೆ."

ಆರು ವರ್ಷದಲ್ಲಿ ಮೊದಲ ಸಲ ನನ್ನ ಚಿತ್ರ ಯಾರಿಗೋ ಬೇಕಾಗಿದೆ. ಖುಷಿಗೆ ಎರಡು ವಡಾಪಾವ್.

ಜನವರಿ ೧೯, ಭಾನುವಾರ
ಇವತ್ತು ಯಂಕವ್ವ ಎದ್ದು ಬಂದು ಚಿತ್ರ ನೋಡಿದಳು. "ಈ ಕೈ ಎಲ್ಲಿ ಹೋತ್ರಿ?"

ಕಾಂಪೊಸಿಷನ್ ಅಂದೆ. ನನಗೇ ನಾಚಿಕೆಯಾಯಿತು.

"ನಮ್ಮ ತಂಗಿ ದುರ್ಗಾನ ಮದಿವಿ ಫೋಟೋದಾಗೂ ಹಿಂಗ. ಊಟಾ ಬಡಸಾಕ ಹೋಗಿದ್ದೆ. ಓಡಿ ಬರೂದ್ರಾಗ ತಗದಬಿಟ್ರು. ಬರೇ ಅರ್ಧಾ ಮಾರಿ ಬಂದದ. ನೀವಾರ ನಡುವ ಕುಂದರಸ್ತೀರಿ ಅನ್ಕೊಂಡಿದ್ದೆ."

ಚಹಾ ಕುಡಿಯದೆ ಹೋದಳು.

ಫೆಬ್ರವರಿ ೨, ಭಾನುವಾರ
ಎರಡನೇ ವಾರವೂ ಬರಲಿಲ್ಲ. ಸ್ಟೂಲಿನ ಮೇಲೆ ಬರೀ ಬಿಸಿಲು. ಕೆಂಪಿಲ್ಲದೆ ಕೋಣೆಯೇ ಬಿಳಿಚಿಕೊಂಡಿದೆ. ಮಧ್ಯಾಹ್ನ ಮಂಪರಿನಲ್ಲಿ ಕಂಡದ್ದು — ನೀಲಿ ಗೋಡೆ ಎಡಕ್ಕೂ ಬೆಳೆಯುತ್ತಿತ್ತು, ಯಂಕವ್ವ ಕೂತಲ್ಲೇ ಕೂತಿದ್ದಳು. ಎದ್ದವಳೇ ಅಳತೆ ಟೇಪು ಹುಡುಕಿದೆ. ಅವಳನ್ನು ಸರಿಸಬೇಕಾಗಿಯೇ ಇಲ್ಲ! ಎಡಕ್ಕೆ ಎರಡಡಿ ಬಟ್ಟೆ ಸೇರಿಸಿದರೆ ಸಾಕು.

ಫೆಬ್ರವರಿ ೯, ಭಾನುವಾರ
ಎರಡಡಿ ಕ್ಯಾನ್ವಾಸ್ ಹಿಡಿದು ಕಟ್ಟಡದ ಪಕ್ಕದ ಅವಳ ಶೆಡ್ಡಿಗೇ ಹೋಗಿ, ನಡುವೆ ಕೂರಿಸುತ್ತೇನೆ, ಬರುತ್ತೀಯಾ ಅಂತ ಕೇಳಿದೆ. ದಬ್ಬಣ ಹಿಡಿದು ಬಂದಳು. ನನಗೆ ಹೊಲಿಯಲು ಬರುವುದಿಲ್ಲವೆಂದು ಅವಳಿಗೆ ಹೇಗೋ ಗೊತ್ತು. ಹೊದೆಯುವ ಕೌದಿಗೆ ಹಾಕುವ ಉದ್ದ ಹೊಲಿಗೆ, ಕೆಂಪು ದಾರ. "ಕೌದಿ ಹೊಲ್ದ ಕೈರಿ ಇದು. ಹರಿಯಂಗಿಲ್ಲ."

ಫೆಬ್ರವರಿ ೧೬, ಭಾನುವಾರ
ಹೊಸ ಬಟ್ಟೆಯಲ್ಲಿ ನೀಲಿ ಬೇರೆಯೇ ಆಗಿ ಒಣಗಿತು. ಫ್ಯಾಕ್ಟರಿಯಾಗಿದ್ದರೆ ರಿಜೆಕ್ಟ್. ತಿದ್ದಲಿಲ್ಲ.

ಅವಳ ತೋಳು ಬರೆದೆ. ಗೆಣ್ಣುಗಳ ಸಂದಿನಲ್ಲಿ ತೊಳೆದರೂ ಹೋಗದ ಸಿಮೆಂಟು — ಬೂದು ಬಣ್ಣದಲ್ಲಿ ಸ್ವಲ್ಪ ನೀಲಿ. ಗೋಡೆಯದೇ ನೀಲಿ! ಇಷ್ಟು ದಿನ ಕೈಯನ್ನು ಹೊರಗಿಟ್ಟು ಇದನ್ನೇ ಕಳೆದುಕೊಂಡಿದ್ದೆ. ಈಗ ಕೆಂಪಿಗೂ ನೀಲಿಗೂ ಜಗಳವಿಲ್ಲ. ನಟ್ಟನಡುವೆ ಕೂತಿದ್ದಾಳೆ, ಪಾಸ್‌ಪೋರ್ಟ್ ಫೋಟೋ ಅಲ್ಲವೇ ಅಲ್ಲ. ಅಳು ಬಂತು.

ಫೆಬ್ರವರಿ ೨೨, ಶನಿವಾರ
ಸರ್ ಫೋನ್. ಹೊಸ ಫೋಟೋ ಕಳಿಸಿದ್ದೆ. "ಚೆನ್ನಾಗಿದೆ. ಆದ್ರೆ ಐದಡಿ ಗೋಡೆ ಎಲ್ಲಿಂದ ತರಲಿ? ಹೊಲಿಗೆ ಬಿಚ್ಚಿ. ನಾಳೆ ಹನ್ನೊಂದರೊಳಗೆ."

ಒಂದೇ ದಾರ. ಎಳೆದರೆ ಎರಡು ನಿಮಿಷದ ಕೆಲಸ. ಮತ್ತೆ ಆರು ವರ್ಷ ಕಾಯಬೇಕೇ?

ಫೆಬ್ರವರಿ ೨೩, ಭಾನುವಾರ. ೧೦.೪೦
ಬೆಳಿಗ್ಗೆ ಕತ್ತರಿ ಹಿಡಿದು ಚಿತ್ರದ ಮುಂದೆ ನಿಂತಿದ್ದೆ. ಬಾಗಿಲು ತಟ್ಟಿದ ಸದ್ದು. ಯಂಕವ್ವ, ಜೊತೆಗೆ ತಂಗಿ ದುರ್ಗಾ. ಊರಿಂದ ಕರೆಸಿಕೊಂಡಿದ್ದಾಳೆ, ಇದನ್ನು ತೋರಿಸಲಿಕ್ಕೇ. ದುರ್ಗಾ ಚಿತ್ರದ ಕೈ ಮೇಲೆ ಬೆರಳಿಟ್ಟು, ಆಮೇಲೆ ಅಕ್ಕನ ಕೈ ಹಿಡಿದುಕೊಂಡಳು.

ಯಂಕವ್ವ ನನ್ನ ಕತ್ತರಿ ನೋಡಿದಳು. "ಹೌದ್ರಿ, ನಾನೂ ಹೇಳಬೇಕಂತಿದ್ದೆ. ದಾರದ ತುದಿ ಜೋತಾಡಾಕತ್ತದ. ಅಷ್ಟು ಕತ್ತರಿಸಿಬಿಡ್ರಿ."

ಅಷ್ಟನ್ನೇ ಕತ್ತರಿಸಿದೆ.

ಇಬ್ಬರೂ ಚಹಾ ಕುಡಿಯುತ್ತಿದ್ದಾರೆ. ಮತ್ತೆ ಸರ್ ಫೋನ್. ಎತ್ತಿ ಹೇಳಬೇಕು — ಸರ್, ಮೂರಡಿಯಲ್ಲಿ ಯಂಕವ್ವ ಹಿಡಿಯುವುದಿಲ್ಲ, ಹೊಲಿಗೆ ಬಿಚ್ಚುವುದಿಲ್ಲ.