ನಿನ್ನ ಲಿವರಿಗೆ ನಾವಿಬ್ಬರೂ ಪಾಲುದಾರರು

ಪುಟ್ಟಾ,

ಎದ್ದ ಕೂಡಲೇ ಬೇಕರಿಗೆ ಓಡಬೇಡ. ನಿನ್ನ ಯಜಮಾನರಿಗೆ ನಾನೇ ಫೋನ್ ಮಾಡಿ ರಜೆ ಹೇಳಿದ್ದೇನೆ. ಇವತ್ತು ನಿನ್ನ ಲಿವರ್ ಸ್ಕ್ಯಾನ್. ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕಬೇಡ. ಹಾಲು ಕಾಯಿಸಿ ಮುಚ್ಚಿದ್ದೇನೆ, ಮುಚ್ಚಳ ತೆಗೆದು ನೋಡಲೂ ಬೇಡ. ಬನ್ನಿನ ಡಬ್ಬಿ ಹುಡುಕಬೇಡ, ಅದು ನನ್ನ ಕೈಚೀಲದಲ್ಲಿದೆ.

“ತಾತನಿಗೆ ಲಿವರ್ ಕ್ಯಾನ್ಸರ್ ಬಂತು, ನನ್ನ ರಕ್ತದಲ್ಲೂ ಅದೇ ಬರೆದಿದೆ, ಇನ್ನು ಸ್ಕ್ಯಾನ್ ಯಾಕಮ್ಮಾ?” ಅಂತ ನಿನ್ನೆ ಮುಖ ಊದಿಸಿಕೊಂಡೆ. ನಿನ್ನ ರಕ್ತದ ಜೀನ್ ಪರೀಕ್ಷೆ ನೋಡಿ ಡಾಕ್ಟರು ಹೇಳಿದ್ದರಲ್ಲಿ ನೀನು ಕೇಳಿಸಿಕೊಂಡಿದ್ದು ಅರ್ಧವೇ. ನಿನ್ನ ಜೀನಿನಲ್ಲಿರುವ ವ್ಯತ್ಯಾಸದಿಂದ ಲಿವರಿನಲ್ಲಿ ಕೊಬ್ಬು ಬೇಗ ಸೇರುತ್ತದೆ, ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಆದರೆ ಬಂದೇ ಬರುತ್ತದೆ ಅಂತಲ್ಲ. ಜೀನು ಬದಲಿಸಲು ಆಗುವುದಿಲ್ಲ ಮಗನೇ. ಮಾರದೆ ಉಳಿದ ಕ್ರೀಮ್ ಬನ್ನು ಹಾಳಾಗಬಾರದೆಂದು ನೀನೇ ತಿಂದು ಮುಗಿಸುವುದನ್ನೂ ಶನಿವಾರದ ಬಿಯರನ್ನೂ ಬಿಡಬಹುದಲ್ಲ?

ಇನ್ನೊಂದು ವಿಷಯ. ಆ ವ್ಯತ್ಯಾಸವಿರುವ ಜೀನು ನಿನಗೆ ಅಪ್ಪನಿಂದ ಒಂದು, ನನ್ನಿಂದಲೂ ಒಂದು ಬಂದಿದೆಯಂತೆ. ನಿನ್ನ ಮೊಂಡುತನದಿಂದ ಹಿಡಿದು ಗೊರಕೆಯವರೆಗೆ ಎಲ್ಲವೂ ಅಪ್ಪನ ಕಡೆಯದು ಅನ್ನುತ್ತಿದ್ದ ನಾನು ಈಗ ಅರ್ಧ ಪಾಲು ಒಪ್ಪಿಕೊಳ್ಳಬೇಕಾಗಿದೆ. ನಿಮ್ಮಪ್ಪ ನಿನ್ನೆಯಿಂದ ಶಿಳ್ಳೆ ಹಾಕಿಕೊಂಡು ಓಡಾಡುತ್ತಿದ್ದಾರೆ. ನಿನ್ನ ಸೋದರತ್ತೆಗೆ ಮಾತ್ರ ಇದನ್ನು ಹೇಳಬೇಡ.

ಡಾಕ್ಟರು ನಮ್ಮಿಬ್ಬರಿಗೂ ಸ್ಕ್ಯಾನ್ ಮಾಡಿಸಿಕೊಳ್ಳಲು ಹೇಳಿದ್ದಾರೆ. ಅದಕ್ಕೇ ನಾವಿಬ್ಬರೂ ಬೇಗ ಆಸ್ಪತ್ರೆಗೆ ಹೋಗಿ ಮೂವರಿಗೂ ಸರದಿ ಹಿಡಿಯುತ್ತೇವೆ. ಒಳಗೆ ಮೊದಲು ನಾನು ಹೋಗುತ್ತೇನೆ, ನೀನು ಹೆದರಬೇಡ. ಆದರೆ ತಡಮಾಡದೆ ಬಾ. ನಿಮ್ಮಪ್ಪನೂ ಉಪವಾಸ, ಈಗಾಗಲೇ ನನ್ನ ಕೈಚೀಲವನ್ನೇ ದಿಟ್ಟಿಸುತ್ತಿದ್ದಾರೆ.

ಅಮ್ಮ