ಬಂಗಲೆಯ ನೀರು

ಬಂಡೆಪಾಳ್ಯ, ಕೊರಟಗೆರೆ ತಾಲ್ಲೂಕು
೧೨ ಫೆಬ್ರವರಿ ೧೯೮೫, ಮಂಗಳವಾರ

ಪ್ರೀತಿಯ ಗಿರಿಯಣ್ಣನಿಗೆ ಬಂಗಲೆಯ ಚಿಕ್ಕರಂಗಯ್ಯ ಮಾಡುವ ನಮಸ್ಕಾರಗಳು.

ಇಲ್ಲಿ ನಾನೂ ಪಾಪಕ್ಕನೂ ಕ್ಷೇಮ. ಅಲ್ಲಿ ನೀನು, ಕೆಂಪಕ್ಕ, ಮಗಳು ನಾಗಕ್ಕ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಾಗಕ್ಕ ಗೌರಿಹಬ್ಬಕ್ಕೆ ಬರೆದ ಕಾರ್ಡು ಕೈಸೇರಿ ಐದು ತಿಂಗಳಾಯಿತು. ಉತ್ತರ ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಎದ್ದೆ. ಬಂಗಲೆಯಲ್ಲಿ ಕೆಲಸ ಜಾಸ್ತಿ ಎಂದು ಬರೆಯಬಹುದು, ಅದು ಸುಳ್ಳೂ ಅಲ್ಲ. ಆದರೆ ಐದು ತಿಂಗಳು ಬಿಡುವಿಲ್ಲದಷ್ಟು ದೊಡ್ಡ ಮನುಷ್ಯ ನಾನಲ್ಲ ಎಂಬುದು ನಿನಗೆ ಗೊತ್ತು. ಬೈಯುವುದಿದ್ದರೆ ಬೈದುಕೋ.

ಕಾರ್ಡಿನ ತುಂಬ ತೆಲುಗು ಬೆರೆತಿತ್ತು. ಹೊಲಕ್ಕೆ ಚೇನು ಅಂತ ಬರೆದಿದ್ದಾಳೆ. ಪಾವಗಡದ ಗಾಳಿಗೆ ನಿನ್ನ ಕುರಿಗಳೂ ತೆಲುಗಿನಲ್ಲೇ ಅರಚುತ್ತಿರಬೇಕು. ಅಕ್ಷರ ಮಾತ್ರ ಮುತ್ತಿನ ಹಾಗೆ ದುಂಡಗಿವೆ. ಊರ ಶಾಲೆಗೆ ಮೇಷ್ಟ್ರಿಲ್ಲದ ವರ್ಷ ನಿಮ್ಮ ಮನೆಯ ಬೇವಿನ ಮರದಡಿ ಅವಳಿಗೆ ಅಕ್ಷರ ತಿದ್ದಿಸಿದವನು ನಾನೇ, ಆ ಜಂಬ ನನಗೆ ಇನ್ನೂ ಇದೆ. ಈ ಕಾಗದವನ್ನೂ ಅವಳೇ ನಿನಗೆ ಓದಿ ಹೇಳುತ್ತಾಳೆ. ಆ ಬೇವಿನ ಮರ ಇದೆಯೇ ಎಂದು ಕೇಳಿದ್ದಳು. ಇದೆ ಕಣಮ್ಮ. ಮನೆಯ ಸೂರು ಒಂದು ಕಡೆ ಕುಸಿದಿದೆ, ಮರ ಚೆನ್ನಾಗಿದೆ.

ಮೊದಲು ಬಂಗಲೆಯ ಸಮಾಚಾರ ಹೇಳಿಬಿಡುತ್ತೇನೆ. ಮಲ್ಲಿಕಾರ್ಜುನಯ್ಯನವರು ತೀರಿಕೊಂಡು ಎರಡು ವರ್ಷವಾಯಿತು. ಅವರಿದ್ದಾಗಿನ ಬಂಗಲೆ ನಿನಗೆ ನೆನಪಿರಬೇಕು. ಬಾಡಿಗೆಗೆ ಕೊಡುವ ಆರು ಕೋಣೆ, ಕೋಣೆಗೊಂದು ಕತ್ತಿನವರೆಗೆ ಮುಳುಗಿ ಕೂರುವ ತೊಟ್ಟಿ, ಹಿಂದೆ ಈಜುಕೊಳ, ಮುಂದೆ ದಿನಕ್ಕೆರಡು ಸಲ ನೀರು ಕುಡಿಯುವ ಹುಲ್ಲು. "ಕುರಿ ಮೇಯಂಗಿಲ್ಲ ಅಂದ್ಮೇಲೆ ಈ ಹುಲ್ಲು ಯಾತುಕ್ಲಾ?" ಎಂದು ನೀನು ಬೇಲಿಯಾಚೆ ನಿಂತು ಕೇಳಿದ್ದೆ. ಶನಿವಾರ ಬೆಂಗಳೂರಿನ ಕಾರುಗಳು ಬಂದವೆಂದರೆ ಬೋರಿನ ಮೋಟಾರು ಭಾನುವಾರ ಸಂಜೆಯವರೆಗೂ ಬಾಯಿ ಮುಚ್ಚುತ್ತಿರಲಿಲ್ಲ. ಆ ಬೋರು ಕೊರೆದ ಎರಡನೇ ಬೇಸಿಗೆಗೆ ನಮ್ಮ ತಲಪರಿಗೆ ಬತ್ತಿತು. ಎಂಥ ಬರದಲ್ಲೂ ಹಳ್ಳದ ಮರಳಿನಲ್ಲಿ ತಾನಾಗಿ ಉಕ್ಕುತ್ತಿದ್ದ ನೀರು, ನಮ್ಮ ಅಜ್ಜಂದಿರು ಒಣಗಿದ್ದು ಕಾಣದ ನೀರು. ಅದು ಹೋದ ಮೇಲೆ ಏನೇನು ಹೋಯಿತು ಎಂದು ನಾನು ನಿನಗೆ ಹೇಳಬೇಕಾಗಿಲ್ಲ.

ಯಜಮಾನರ ತಿಥಿ ಮುಗಿಸಿಕೊಂಡು ಅವರ ಹೆಂಡತಿ ಈಶ್ವರಮ್ಮನವರು ಬಂದಾಗ ಬಂಗಲೆ ಮಾರುವ ಮನಸ್ಸಿನಲ್ಲಿದ್ದರು. "ಏನ್ರೀ ಚಿಕ್ಕರಂಗಯ್ಯ, ಇದನ್ನ ಇಟ್ಕೊಳ್ಳೋದಾ, ಬಿಡೋದಾ?" ಎಂದು ಕೇಳಿದರು. "ಇಟ್ಕೊಳ್ಳಿ ಅಮ್ಮ, ಆದ್ರೆ ಮೋಟ್ರು ನಿಲ್ಸಿ" ಎಂದೆ. ಅವರು ಬೆಪ್ಪಾಗಿ ನನ್ನ ಮುಖ ನೋಡಿದರು. ಅವರನ್ನು ಹಳ್ಳಕ್ಕೆ ಕರೆದುಕೊಂಡು ಹೋದೆ. ಮಟಮಟ ಮಧ್ಯಾಹ್ನ. ತಲಪರಿಗೆಯಿದ್ದ ಜಾಗದಲ್ಲಿ ಆಳುದ್ದ ಮರಳು ತೋಡಿ ಹೆಂಗಸರು ತೆಂಗಿನ ಚಿಪ್ಪಿನಲ್ಲಿ ಕೆರೆದು ಕೆರೆದು ನೀರು ತುಂಬುತ್ತಿದ್ದರು. ಅವರಲ್ಲಿ ನನ್ನ ಪಾಪಕ್ಕನೂ ಇದ್ದಳು. ಬಂಗಲೆಯ ಕೊಳದಲ್ಲಿ ನೀರು ತುಂಬಿ ತುಳುಕುತ್ತಿದ್ದಾಗಲೂ ಅವಳು ಅಲ್ಲಿಂದ ಒಂದು ಚೊಂಬು ತಂದವಳಲ್ಲ. ಈಶ್ವರಮ್ಮನವರು ಬಂಗಲೆಗೆ ಬಂದ ಮೇಲೆ, "ಒಂದು ವರ್ಷ ನಿಮ್ಮ ಕೈಗೆ ಕೊಟ್ಟಿದೀನಿ. ನೀವು ಹೇಳಿದ ಹಾಗೆ ನಡೆಸಿ ತೋರಿಸಿ. ಆಗದಿದ್ದರೆ ಮಾರಿಬಿಡ್ತೀನಿ" ಎಂದರು.

ನಡೆಸಿದೆ ಗಿರಿಯಣ್ಣ. ಬೋರಿನ ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿಸಿದೆ. ಸೇದುವ ಬಾವಿಯ ನೀರು ಕುಡಿಯುವುದಕ್ಕೆ, ಅಡಿಗೆಗೆ. ಹೆಂಚಿನ ಮೇಲೆ ಬಿದ್ದ ಮಳೆಯನ್ನೆಲ್ಲ ತಗಡಿನ ದೋಣಿ ಕಟ್ಟಿ ಈಜುಕೊಳಕ್ಕೆ ತಿರುಗಿಸಿದೆ, ಸ್ನಾನಕ್ಕೆ ಅದೇ. ದೊಡ್ಡವರು ಈಜುತ್ತಿದ್ದ ಕಡೆ ಈಗ ಕಪ್ಪೆಗಳು ಈಜುತ್ತಿವೆ, ಅವು ಟವಲು ಕೇಳುವುದಿಲ್ಲ. ಹುಲ್ಲು ಕಿತ್ತು ಸೀತಾಫಲ, ನೆಲ್ಲಿ ಇಟ್ಟೆವು. ಒಲೆಗೆ ಬೆಟ್ಟದಿಂದ ಒಂದು ಕಡ್ಡಿ ತರುವುದಿಲ್ಲ, ಹಳ್ಳದ ಜಾಲಿ, ತೆಂಗಿನ ಗರಿ ಸಾಕು. ಊಟ ಮುತ್ತುಗದೆಲೆಯಲ್ಲಿ. ಸ್ನಾನದ ನೀರು ಬಾಳೆಗೆ ಹೋಗುತ್ತದೆ, ಅದಕ್ಕೇ ಸೋಪು ತೆಗೆದು ಸೀಗೆಪುಡಿ, ಕಡಲೆಹಿಟ್ಟು ಇಟ್ಟೆ. ನಮ್ಮ ಕೇರಿಯಲ್ಲಿ ಸೋಪು ಕೊಳ್ಳಲಾಗದೆ ಹಚ್ಚಿಕೊಳ್ಳುತ್ತಿದ್ದ ಕಡಲೆಹಿಟ್ಟು ಬಂಗಲೆಯ ಪಿಂಗಾಣಿ ಬಟ್ಟಲಿಗೆ ಬಿದ್ದ ಕೂಡಲೇ ದೊಡ್ಡಸ್ತಿಕೆಯಾಯಿತು. ಬೆಂಗಳೂರಿನ ಹೆಣ್ಣುಮಗಳೊಬ್ಬರು ಸ್ನಾನ ಮುಗಿಸಿ ಬಂದು, "ನಿಮ್ಮ ಬಾಳೆಗೆ ಕುಡಿಸಿ ಬಂದೆ ಕಣ್ರೀ" ಎಂದು ಮಗುವಿನ ಹಾಗೆ ಹೇಳಿದರು.

ಎಲ್ಲರೂ ಹಾಗಿರಲಿಲ್ಲ. ತಲೆಗೆ ಎರಡು ಬಕೆಟ್ಟು ಎಂಬ ನಿಯಮ ಕೇಳಿ ಗಿರಣಿ ಮಾಲೀಕರೊಬ್ಬರು ಕೂಗಾಡಿದರು. ನನಗೂ ಸಿಟ್ಟು ಬಂತು. "ಸ್ವಾಮಿ, ನಮ್ಮೂರಲ್ಲಿ ಎಮ್ಮೇನೂ ಎಲ್ಡು ಬಕೆಟ್ನಾಗೆ ಶುದ್ಧ ಆಯ್ತದೆ" ಅಂದುಬಿಟ್ಟೆ. ಅವರು ಪೆಟ್ಟಿಗೆ ಎತ್ತಿಸಿಕೊಂಡು ಹೊರಟೇಹೋದರು. ಆ ಬೇಸಿಗೆಯಲ್ಲಿ ಬಂಗಲೆ ಎಷ್ಟೋ ವಾರ ಖಾಲಿ ಬಿತ್ತು. ಕೆಲಸ ಹೋಯಿತೆಂದೇ ತಿಳಿದಿದ್ದೆ. ಆದರೆ ಒಮ್ಮೆ ಬಂದವರಲ್ಲಿ ಕೆಲವರು ಮತ್ತೆ ಬಂದರು, ಸ್ನೇಹಿತರನ್ನೂ ಕರೆತಂದರು. ಈಗ ವಾರಕ್ಕೆ ನಾಲ್ಕು ಕೋಣೆಯಾದರೂ ತುಂಬುತ್ತವೆ. ಮಾರುವ ಮಾತು ನಿಂತಿದೆ.

ಎಮ್ಮೆಯ ಮಾತಿಗೆ ಅಮ್ಮನವರು ನನ್ನನ್ನು ಬೈದರು, ಬೈಯುತ್ತಲೇ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಸಂಬಳಕ್ಕೆ ಇರೋರು ನೀವು. ನಿಮಗ್ಯಾಕೆ ಇಷ್ಟು ಛಲ?" ಎಂದು ಕೇಳಿದರು. "ಊರಿನ ನೀರು ಅಮ್ಮ" ಎಂದೆ. ಅಷ್ಟನ್ನೇ ಹೇಳಿದೆ.

ಈಗ ನಿನಗೆ ಹೇಳಲೇಬೇಕಾದ ಸಂಗತಿ. ಹೋದ ಕಾರ್ತಿಕದಲ್ಲಿ ಒಂದು ಬೆಳಗ್ಗೆ ಪಾಪಕ್ಕ ಹಳ್ಳದಿಂದ ಓಡೋಡಿ ಬಂದಳು. ಕೊಡ ಅಲ್ಲೇ ಬಿಟ್ಟು ಬಂದಿದ್ದಳು. ಮುಷ್ಟಿ ಬಿಚ್ಚಿ ತೋರಿಸಿದಳು, ಮರಳು. "ಮೇಗಳ ಮರ್ಳೇ ಒದ್ದೆ ಐತೆ ಕಣಯ್ಯಾ, ತೋಡ್ದೇ ಸಿಕ್ತು" ಎಂದಳು. ಸಂಕ್ರಾಂತಿ ಹೊತ್ತಿಗೆ ಗೇಣುದ್ದ ನೀರು ನಿಂತಿತು. ಮೋಟಾರು ನಿಲ್ಲಿಸಿದ್ದಕ್ಕೋ, ಮಳೆಗೋ, ನನಗೆ ಗೊತ್ತಿಲ್ಲ. ಹೆಂಗಸರು ಆ ಗೇಣುದ್ದ ನೀರಿಗೆ ಅರಿಶಿನ ಕುಂಕುಮ ಹಾಕಿ ಅತ್ತರು. ನಾನು ದಡದಲ್ಲಿದ್ದ ಹೊಂಗೆ ಮರದ ಹಿಂದೆ ಹೋಗಿ ನಿಂತೆ.

ಮೊನ್ನೆ ಭಾನುವಾರ ಪಟೇಲ ಬೋರಪ್ಪ ತನ್ನ ಜಗಲಿಯಲ್ಲಿ ಊರು ಸೇರಿಸಿದ್ದ. ಐದು ವರ್ಷದ ಮೇಲೆ ತಲಪರಿಗೆಯ ಹೂಳು ತೆಗೆಯಬೇಕೆಂದು ತೀರ್ಮಾನವಾಗಿದೆ. ಈ ತಿಂಗಳು ಇಪ್ಪತ್ತೈದು, ಸೋಮವಾರ, ಹೊಲದಲ್ಲಿ ಆರು ಕಟ್ಟದ ದಿನ, ಮನೆಗೊಂದು ಆಳು. ಆದರೆ ಮೊದಲ ಗುದ್ದಲಿ ಯಾರು ಹಾಕಬೇಕು? ಅದು ಯಾವತ್ತೂ ನಿಮ್ಮ ಮನೆತನದ ಕೆಲಸ. ನೀರಿನ ಸೆಲೆ ಎತ್ತಲಿಂದ ಹಾಯ್ದು ಬರುತ್ತದೆ ಎಂಬುದು ಕುರಿ ಕಾಯುವ ನಿಮ್ಮ ಮನೆಗೆ ಮಾತ್ರ ಗೊತ್ತು. ತಿಳಿಯದವರು ಅಗೆದು ತಳದ ಜೇಡಿ ಒಡೆದರೆ, ಬಂದಿರುವ ಗೇಣುದ್ದ ನೀರೂ ಹೋಗುತ್ತದೆ. ಹಾಗಾಗಿ ನಿನ್ನನ್ನು ಕರೆಸಬೇಕೆಂದು ಎಲ್ಲರೂ ಒಪ್ಪಿದರು.

ಇದೇ ಜಗಲಿಯಲ್ಲಿ ಐದು ವರ್ಷದ ಹಿಂದೆ ನಿನ್ನನ್ನು ನಿಲ್ಲಿಸಿ, "ಬಂಗ್ಲೆಯೋರಿಗೆ ಸೆಲೆ ಜಾಗ ತೋರ್ಸ್ಕೊಟ್ಟೋನು ನೀನೇ. ನಿನ್ನ ಬುಟ್ರೆ ಇನ್ಯಾರಿಗ್ಲಾ ಗೊತ್ತು?" ಎಂದು ಕೇಳಿದ್ದರು. ನೀನು ಒಂದೇ ಮಾತು ಹೇಳಿದೆ: "ನಾನಲ್ಲ." ಯಾರೂ ನಂಬಲಿಲ್ಲ. ವಾರದೊಳಗೆ ಬೋರಪ್ಪನ ತಮ್ಮನ ಮನೆಯವರು ನಾಗಕ್ಕನ ತಾಂಬೂಲ ವಾಪಸ್ಸು ಕಳಿಸಿದರು. ಆ ತಿಂಗಳೇ ನೀನು ಕುರಿ ಹೊಡೆದುಕೊಂಡು ಊರು ಬಿಟ್ಟೆ.

ಮೊನ್ನೆ ಬೋರಪ್ಪ ನನ್ನ ಕಡೆ ತಿರುಗಿ, "ನೀನು ಅವ್ನ ಸ್ನೇಹಿತ ಅಲ್ವಾ, ಕಾಗ್ದ ಬರಿಯಪ್ಪಾ. ಆಗಿದ್ದಾಯ್ತು, ನಾವು ಮರ್ತಿದೀವಿ, ಊರು ಕ್ಷಮ್ಸೈತೆ ಅಂತ ಬರಿ" ಎಂದ. ಎಲ್ಲರೂ ತಲೆಯಾಡಿಸಿದರು. ಸಮಾಧಾನವಾಗಿ, ದೊಡ್ಡ ಮನಸ್ಸು ಮಾಡಿದವರ ಹಾಗೆ. ನಾನು "ಆಗ್ಲಿ" ಎಂದು ಎದ್ದು ಬಂದೆ.

ಆದ್ದರಿಂದ ಊರ ಪರವಾಗಿ ಕರೆಯುತ್ತಿದ್ದೇನೆ, ಬಾ. ಪಾವಗಡದಿಂದ ಮಧುಗಿರಿಗೆ ಬಸ್ಸುಗಳಿವೆ. ನಾನು ಬಸ್ ಸ್ಟ್ಯಾಂಡಿಗೆ ಬಂದಿರುತ್ತೇನೆ. ಕೆಂಪಕ್ಕನನ್ನೂ ನಾಗಕ್ಕನನ್ನೂ ಕರೆದುಕೊಂಡು ಬಾ. ಕೆಂಪಕ್ಕನ ಮಂಡಿನೋವಿಗೆ ಅಮ್ಮನವರು ಕೊಟ್ಟ ಎಣ್ಣೆಯೊಂದಿದೆ, ತೆಗೆದಿಟ್ಟಿದ್ದೇನೆ. ನಾಗಕ್ಕನಿಗೆ ಒಳ್ಳೆಯ ಮನೆ, ತಿಳಿವಳಿಕೆಯುಳ್ಳ ಗಂಡ ಸಿಗಲಿ. ನಿನ್ನ ಹಟ್ಟಿಯಲ್ಲಿ ಮರಿಗಳು ಹೆಚ್ಚಲಿ. ನೀನು ಹೋದ ಕಡೆ ನೀರಿರಲಿ.

ಇತಿ ನಿನ್ನ
ಚಿಕ್ಕರಂಗಯ್ಯ

ಮತ್ತೆ ಬರೆದದ್ದು:

ಮಗಳೇ ನಾಗಕ್ಕ, ಇಲ್ಲಿಂದ ಮುಂದಿನದನ್ನು ಒಂದಕ್ಷರವೂ ಬಿಡದೆ ನಿನ್ನ ಅಪ್ಪನಿಗೆ ಓದು. ನಿನಗೆ ಅಳು ಬಂದರೂ, ಸಿಟ್ಟು ಬಂದರೂ ನಡುವೆ ನಿಲ್ಲಿಸಬೇಡ.

ಗಿರಿಯಣ್ಣ, ಬೋರಪ್ಪ ಹೇಳಿದ ಕ್ಷಮೆಯ ಮಾತನ್ನು ಊರ ಮಾತಾಗಿ ಮೇಲೆ ಬರೆದಿದ್ದೇನೆ. ನನ್ನ ಮಾತಾಗಿ ಬರೆಯಲು ಕೈ ಬರಲಿಲ್ಲ. ಸೆಲೆಯ ಜಾಗ ನಿಮ್ಮ ಮನೆತನದ ಹೊರಗೆ ಇನ್ನೊಬ್ಬನಿಗೆ ಗೊತ್ತಿತ್ತು. ನಾವಿಬ್ಬರೂ ಹುಡುಗರಾಗಿದ್ದಾಗ ಒಂದು ಬೇಸಿಗೆ, ಹೊತ್ತು ಮೂಡುವ ಮುಂಚೆ ನೀನು ನನ್ನನ್ನು, ಈಗ ಬಂಗಲೆ ಇರುವ ಕಡೆಯ ಬಂಡೆಯ ಮಗ್ಗುಲಿಗೆ ಕರೆದುಕೊಂಡು ಹೋಗಿ, "ಅಂಗಿ ಬಿಚ್ಚಿ ಬೋರಲು ಮನಿಕ್ಕೋ" ಎಂದೆ. ಸುತ್ತ ನೆಲವೆಲ್ಲ ಬೆಚ್ಚಗಿತ್ತು, ನನ್ನ ಹೊಟ್ಟೆಯ ಕೆಳಗೆ ಒಂದು ಪಟ್ಟಿ ಮಾತ್ರ ತಣ್ಣಗಿತ್ತು. "ತಲಪರಿಗೆ ಅವ್ವ ಇಲ್ಲಿಂದ್ಲೇ ಓಗೋದು ಕಣ್ಲಾ. ಯಾರ್ಗೂ ಯೋಳ್ಬ್ಯಾಡ" ಎಂದೆ. ನಮ್ಮ ಕೇರಿಯವರು ತಲಪರಿಗೆಗೆ ಇಳಿಯುವಂತಿರಲಿಲ್ಲ. ನಾವು ಕೊಡ ಇಟ್ಟುಕೊಂಡು ದಡದ ಮೇಲೆ ಕಾಯಬೇಕಿತ್ತು, ಯಾರಾದರೂ ಹೊಯ್ಯುವವರೆಗೆ. ನೀನೊಬ್ಬ ಮಾತ್ರ ಕಾಯಿಸದೆ ಹೊಯ್ಯುತ್ತಿದ್ದೆ. ಅಂಥವನು ನನಗೆ ಸೆಲೆಯನ್ನೂ ತೋರಿಸಿದ್ದೆ.

ಬೋರಿನ ಲಾರಿ ಬಂದ ದಿನ ಮಲ್ಲಿಕಾರ್ಜುನಯ್ಯನವರು ನನಗೆ ತಮ್ಮ ಎದುರು ಕುರ್ಚಿ ಹಾಕಿಸಿದರು. "ಈ ನೆಲ ನಿಮಗೆ ಗೊತ್ತು. ಎಲ್ಲಿ ಕೊರೆಸಲಿ, ನೀವೇ ಹೇಳಿ" ಎಂದರು. ನಮ್ಮಂಥವರನ್ನು ನೀರಿನ ವಿಷಯದಲ್ಲಿ ಅದುವರೆಗೆ ಯಾರೂ ಕೇಳಿದ್ದಿಲ್ಲ ಗಿರಿಯಣ್ಣ. ಅವರು ಆಸೆ ತೋರಿಸಲಿಲ್ಲ, ಬೆದರಿಸಲಿಲ್ಲ. ಕುರ್ಚಿ ಹಾಕಿ ಕೇಳಿದರು, ಅಷ್ಟೇ. ನಾನು ಎದ್ದು ಹೋಗಿ ಬಂಡೆಯ ಮಗ್ಗುಲಲ್ಲಿ ನಿಂತು, ಕಾಲಿನಿಂದ ಗೆರೆ ಎಳೆದು ತೋರಿಸಿದೆ. ನೀರು ಚಿಮ್ಮಿದಾಗ ಎಲ್ಲರೂ ನನ್ನ ಬೆನ್ನು ತಟ್ಟಿದರು. ನನಗೆ ಹೆಮ್ಮೆಯಾಯಿತು. ಅದನ್ನೂ ಮುಚ್ಚಿಡುವುದಿಲ್ಲ.

ಬೋರಪ್ಪನ ಜಗಲಿಯಲ್ಲಿ ನೀನು "ನಾನಲ್ಲ" ಎಂದಾಗ ನಾನು ಗುಂಪಿನ ಹಿಂದೆ ನಿಂತಿದ್ದೆ. ನೀನು ಒಂದು ಸಲ ನನ್ನ ಕಡೆ ನೋಡಿದೆ. ನೋಡಿ, ತಲೆ ತಗ್ಗಿಸಿದೆ. ನನ್ನ ಹೆಸರು ಹೇಳಲಿಲ್ಲ. ನಿನಗೆ ಆಗಲೇ ಗೊತ್ತಾಗಿತ್ತು ಎಂದು ನನಗೂ ಗೊತ್ತಾಯಿತು. ಹೇಳಿದ್ದರೆ ಅವತ್ತು ನನ್ನ ಕೇರಿಗೆ ಏನಾಗುತ್ತಿತ್ತು ಎಂದು ಯೋಚಿಸಿಯೇ ನೀನು ಬಾಯಿ ಮುಚ್ಚಿಕೊಂಡೆ. ನಾನು ಬಾಯಿ ಮುಚ್ಚಿಕೊಂಡದ್ದು ಹೆದರಿಕೆಗೆ. ಎರಡು ವರ್ಷದಿಂದ ಬಂಗಲೆಯಲ್ಲಿ ಒಂದೊಂದು ಚೊಂಬು ನೀರು ಉಳಿಸಿದ್ದೂ ಅದೇ ಹೆದರಿಕೆಯಲ್ಲಿ.

ಪಾಪಕ್ಕನಿಗೆ ನಿನ್ನೆ ಹೇಳಿದೆ. ಅವಳು ಒಂದೇ ಮಾತು ಕೇಳಿದಳು: "ನಾಗಕ್ಕನ ತಾಂಬೂಲ ತಿರುಗಿ ಬಂದಾಗ್ಲೂ ಸುಮ್ಕಿದ್ದಾ?" ಹೌದು ಮಗಳೇ, ಆಗಲೂ ಸುಮ್ಮನಿದ್ದೆ.

ಈ ಕಾಗದವನ್ನು ಅಂಚೆ ಡಬ್ಬಕ್ಕೆ ಹಾಕಿ ನೇರ ಬೋರಪ್ಪನ ಜಗಲಿಗೆ ಹೋಗುತ್ತೇನೆ. ಅಲ್ಲಿಂದ ಈಶ್ವರಮ್ಮನವರ ಹತ್ತಿರ. ಊರು ನನಗೆ ಏನು ಮಾಡುತ್ತದೋ ಮಾಡಲಿ. ನಿನ್ನನ್ನು ಕ್ಷಮಿಸುವ ಅಧಿಕಾರ ಮಾತ್ರ ಯಾರಿಗೂ ಇಲ್ಲ.

ಇಪ್ಪತ್ತೈದಕ್ಕೆ ಬಂದು ಮೊದಲ ಗುದ್ದಲಿ ಹಾಕು. ನೀರು ತಿಳಿಯಾದ ಮೇಲೆ ಎಲ್ಲರೂ ತುಂಬಿಕೊಳ್ಳುತ್ತಾರೆ. ಈಗ ನಮ್ಮವರು ಇಳಿಯಬಾರದು ಎನ್ನುವವರು ಯಾರೂ ಇಲ್ಲ. ಆದರೂ ನಾನು ಇಳಿಯುವುದಿಲ್ಲ. ಮೊದಲಿನ ಹಾಗೆ ಕೊಡ ಇಟ್ಟುಕೊಂಡು ದಡದ ಮೇಲೆ ನಿಂತಿರುತ್ತೇನೆ. ಹೊಯ್ಯುವುದು ಬಿಡುವುದು ನಿನ್ನಿಷ್ಟ.